ಗುಂಡಿಯಕ್ಕ ಹೊಲಿದ ತೋಳಿಲ್ಲದ ಫ್ರಾಕು

ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ಕಿಟಕಿ ಪಕ್ಕ ಹೊಲಿಗೆ ಯಂತ್ರದ ಮುಂದೆ ಕೂತ ಗುಂಡಿಯಕ್ಕ, ನೀಲಿ ಫ್ರಾಕೊಂದರ ಕಂಕುಳಿನ ಸುತ್ತ ಅಂಚು ಮಡಚಿ ಹೊಲಿಯುತ್ತಿದ್ದಾಳೆ. ಅದಕ್ಕೆ ತೋಳಿಲ್ಲ. ಮಗಳಿಗೆ ಇಂಥದ್ದನ್ನು ಆಕೆ ಹೊಲಿಯುತ್ತಿರುವುದು ಇದೇ ಮೊದಲು. ಇವತ್ತು ಮಗು ಇದನ್ನು ತೊಟ್ಟು ನ್ಯಾಯಾಧೀಶರ ಮುಂದೆ ನಿಲ್ಲಬೇಕು.

ಕೈ ಎತ್ತಲಾಗದ ಮಕ್ಕಳಿಗೆ ಬಟ್ಟೆ ಹೊಲಿಯುವುದು ಆಕೆಯ ಕಸುಬು. ಕತ್ತಿನಿಂದ ತೋಳಿನ ತುದಿವರೆಗೂ ಒತ್ತುಗುಂಡಿಗಳ ಸಾಲು. ಬಿಚ್ಚಿದರೆ ಬಟ್ಟೆ ಹರವಿಕೊಳ್ಳುತ್ತದೆ, ಕೈ ತಿರುಚುವ ಗೋಜಿಲ್ಲ. ಅದಕ್ಕೇ ಆ ಅಡ್ಡಹೆಸರು. “ಹಾಕೋವಾಗ ಮಗೂನ ಅಳಿಸೋ ಅಂಗಿ ಎಷ್ಟು ಚೆನ್ನಾಗಿದ್ರೇನು ಬಂತು?” ಎನ್ನುತ್ತಾಳೆ, ಬಾಯಲ್ಲಿ ದಾರ ಕಚ್ಚಿಕೊಂಡೇ.

ಈ ಹೊಲಿಗೆ ಕಲಿಸಿದ್ದು ಮಗಳ ಬಲಗೈ. ಹೆರಿಗೆಯಲ್ಲಿ ಕೂಸಿನ ಭುಜ ಸಿಕ್ಕಿಕೊಂಡಾಗ ದೊಡ್ಡ ಡಾಕ್ಟರು ಅದೇ ಆಸ್ಪತ್ರೆಯ ಮೇಲಿನ ಮಹಡಿಯಲ್ಲಿದ್ದರು. ಮೆಟ್ಟಿಲಿಳಿದು ಬರಲಿಲ್ಲ, ಫೋನಿನಲ್ಲೇ ಅಪ್ಪಣೆ ಕೊಟ್ಟರು. ಕೆಳಗಿದ್ದವರು ತಲೆ ಹಿಡಿದು ಎಳೆದರು. ಕತ್ತಿನ ಬಳಿ ನರಗಳು ಹರಿದು ಕೈ ಜೋತುಬಿತ್ತು. ಕೇಳಿದರೆ, ಕೂಸೇ ದಪ್ಪ ಇತ್ತಂತೆ! ಕುಣಿಯಲಾರದವಳು ನೆಲ ಡೊಂಕು ಅಂದಳಂತೆ.

ಚಿಕಿತ್ಸೆಗೆ ಆಗುವಷ್ಟಾದರೂ ಪರಿಹಾರ ಕೊಡಿಸಿ ಎಂದು ದಾವೆ ಹೂಡಿದ ಮೇಲೆ, ನ್ಯಾಯಾಲಯದ ಬೆಂಚು ಸವೆಸಿದ್ದೇ ಬಂತು. ಕಳೆದ ಸಲ ಮಗುವನ್ನು ಕರೆತರಲು ಹೇಳಿದ್ದರು. ದೊಡ್ಡವರ ಮುಂದೆ ಮಗಳು ಲಕ್ಷಣವಾಗಿ ಕಾಣಲಿ ಎಂದು ಅಮ್ಮ ಇದ್ದಬದ್ದ ಕಸುಬನ್ನೆಲ್ಲ ಸುರಿದು ಉಬ್ಬುತೋಳಿನ ಫ್ರಾಕು ಹೊಲಿದಳು. ಸಣಕಲು ಕೈ ತುಂಬಿದಂತೆ ಕಾಣಲು ಒಳಗೆ ಹತ್ತಿ ಇಟ್ಟಳು, ಮುಂಗೈ ಸೇರಿಸಲು ಜೇಬು ಇಟ್ಟಳು.

ಆಸ್ಪತ್ರೆಯ ವಕೀಲರು ಎದ್ದು ನಿಂತು, “ನೋಡಿ ಸ್ವಾಮಿ, ಎರಡು ಕೈಗೂ ಏನು ವ್ಯತ್ಯಾಸ ಇದೆ?” ಎಂದರು. ನರತಜ್ಞರ ವರದಿ ಮೇಜಿನ ಮೇಲೇ ಇತ್ತು. ಅದನ್ನು ಬಿಟ್ಟು ಫ್ರಾಕು ನೋಡುವ ಕಣ್ಣಿಗೆ ಏನೆನ್ನಬೇಕು? ಮಗಳಿಗೆ ಚೆಂದದ ಬಟ್ಟೆ ತೊಡಿಸಿದ್ದೇ ತಪ್ಪಾಗುವುದಾದರೆ, ಕೂಸನ್ನು ಎಳೆದು ಹಾಕಿದ್ದು ಏನು? 

“ಕೈಯಾರೆ ಸಾಕ್ಷಿ ಮುಚ್ಚಿಟ್ಟೆ ನೋಡಿ,” ಎನ್ನುವ ಗುಂಡಿಯಕ್ಕ ಪೆಡಲು ಜೋರಾಗಿ ತುಳಿಯುತ್ತಾಳೆ. ಮಗುವನ್ನು ಮತ್ತೊಮ್ಮೆ ತೋರಿಸುತ್ತೇವೆಂದು ಅಂಗಲಾಚಿ ಪಡೆದ ದಿನ ಇದು.

ಮಗಳು ಕಣ್ಣುಜ್ಜುತ್ತ ಬಂದು, ಹೊಲಿದು ಮುಗಿದ ಫ್ರಾಕಿಗೆ ಕತ್ತು ತೂರಿಸುತ್ತಾಳೆ. ಒಣಗಿದ ಬಳ್ಳಿಯಂಥ ಕೈ ಪೂರ್ತಿ ಕಾಣುತ್ತದೆ. ಎಡಗೈಯಿಂದ ಅದನ್ನು ಮುಚ್ಚಿಕೊಳ್ಳುತ್ತಾಳೆ.

“ಎಲ್ರೂ ನೋಡ್ತಾರಮ್ಮಾ.”

“ನೋಡ್ಲಿ ಪುಟ್ಟಿ. ನೀನು ತಲೆ ತಗ್ಗಿಸ್ಬೇಡ. ತಗ್ಗಿಸ್ಬೇಕಾದೋರು ಬೇರೆ ಇದ್ದಾರೆ.”

ಪುಟ್ಟಿ ನಿಧಾನವಾಗಿ ಎಡಗೈ ತೆಗೆಯುತ್ತಾಳೆ. ಗುಂಡಿಯಕ್ಕ ಯಂತ್ರದ ಖಾನೆ ಎಳೆದು ತೋರಿಸುತ್ತಾಳೆ: ಅದೇ ನೀಲಿ ಬಟ್ಟೆಯ ಎರಡು ಉಬ್ಬುತೋಳು, ಒತ್ತುಗುಂಡಿ ಸಮೇತ.

“ತೀರ್ಪು ಬಂದ ದಿನ ಇವನ್ನ ಕೂಡಿಸ್ತೀನಿ. ಅಲ್ಲೀವರೆಗೂ ಅವರು ಮಾಡಿದ್ದನ್ನ ಅವರೇ ನೋಡ್ಲಿ.”