ಎಣ್ಣೆ ಬಟ್ಟೆಯ ಸುಳ್ಳು

ಕಲಾಯಿ ಅಕ್ಕನ ಅಂಗಡಿ ಎಂದರೆ ಒಂದು ಒಲೆ, ಅದಕ್ಕೆ ಗಾಳಿ ಊದುವ ಒಂದು ತಿದಿ, ಮಸಿ ಹಿಡಿದ ಮೂರು ಗೋಡೆ. ನಾಲ್ಕನೆಯ ಗೋಡೆಯ ಜಾಗದಲ್ಲಿ ಬೀದಿಯೇ ಇದೆ. ತಾಮ್ರ, ಹಿತ್ತಾಳೆ ಪಾತ್ರೆಗಳ ಒಳಗೆ ತವರ ಸವರಿ ಬೆಳ್ಳಗೆ ಮಾಡುವುದರಲ್ಲಿ ಅವಳದು ಎತ್ತಿದ ಕೈ. "ಇಡೀ ಊರಿಗೆ ನಾನೇ ನಂಬರ್ ಒನ್" ಎನ್ನುತ್ತಾಳೆ. ನಂಬರ್ ಎರಡು ಯಾರೂ ಉಳಿದಿಲ್ಲ ಎಂದು ನಕ್ಕು ತಾನೇ ಸೇರಿಸುತ್ತಾಳೆ. ಅರವತ್ತೆರಡು ದಾಟಿದರೂ ಇಕ್ಕಳ ಹಿಡಿದ ಕೈ ಒಂದಿಷ್ಟೂ ಅದುರುವುದಿಲ್ಲ. ತಿದಿ ಒತ್ತುವುದು ಅವಳ ಅಣ್ಣ. ಒತ್ತುವುದು ಜಾಸ್ತಿ, ಮಾತು ಕಡಿಮೆ.

ಒಂದು ಬೆಳಿಗ್ಗೆ ಮ್ಯೂಸಿಯಂನ ಮೇಡಂ ಬಂದು ಚೀಲದಿಂದ ತಾಮ್ರದ ಬೋಗುಣಿಯೊಂದನ್ನು ತೆಗೆದರು.

"ಅಕ್ಕಾ, ನಿಮ್ಮಪ್ಪನವರ ಪುಸ್ತಕ ನೋಡ್ಕೊಂಡೇ ಮಾಡಿದ್ದು. ಇದು ಹನ್ನೊಂದನೇ ಸಲ. ತವರ ಹಿಡಿಯೋದೇ ಇಲ್ಲ."

ಮೂವತ್ತು ವರ್ಷದ ಹಿಂದೆ ಮ್ಯೂಸಿಯಂನವರು ತಿಂಗಳುಗಟ್ಟಲೆ ಅಪ್ಪನ ಎದುರು ಕೂತು, ಅವನು ಹೇಳಿದ್ದನ್ನೆಲ್ಲ ಬರೆದುಕೊಂಡಿದ್ದರು. ಈ ಕಸುಬಿನ ಬಗ್ಗೆ ಇರುವುದು ಅದೊಂದೇ ಪುಸ್ತಕ. ಮ್ಯೂಸಿಯಂ ಬಾಗಿಲಲ್ಲಿ ಅಪ್ಪನ ಆಳೆತ್ತರದ ಫೋಟೋ ಕೂಡ ಇದೆ. ಈಗ ಪುಸ್ತಕ ಮತ್ತೆ ಅಚ್ಚಾಗುತ್ತದೆ, ಜೊತೆಗೆ ಸಿನಿಮಾ ತೆಗೆಯುತ್ತಾರೆ, ಅದನ್ನೇ ಇಟ್ಟುಕೊಂಡು ಹೊಸಬರಿಗೆ ಪಾಠ ಶುರು ಮಾಡುತ್ತಾರೆ.

ಬೋಗುಣಿಯೊಳಗೆ ತವರ ಬೆವರಿನ ಹನಿಗಳ ಹಾಗೆ ಬಿಡಿಬಿಡಿಯಾಗಿ ಕೂತಿತ್ತು. ಅಕ್ಕನಿಗೆ ಒಂದೇ ನೋಟ ಸಾಕಾಯಿತು.

"ತೊಳೆದ ಮೇಲೆ ಎಣ್ಣೆ ಬಟ್ಟೇಲಿ ಒರೆಸಿದ್ರಾ?"

"ಹೂಂ. ಪುಸ್ತಕದಲ್ಲಿ ಹಾಗೇ ಇದೆಯಲ್ಲ?"

ಇದೆ, ಯಾಕಿಲ್ಲ! ಅಪ್ಪನ ಮನೆಯಲ್ಲಿ ಮಾಡುವುದೊಂದು, ಹೊರಗಿನವರಿಗೆ ಹೇಳುವುದೊಂದು. ಹುಳಿ, ಮರಳು ಹಾಕಿ ಉಜ್ಜಿ ತೊಳೆದ ಪಾತ್ರೆಯ ಒಳಗೆ ಬೆರಳ ತುದಿಯನ್ನೂ ತಾಗಿಸಬಾರದು. ಜಿಡ್ಡು ಸೋಕಿದರೆ ತವರ ಹಿಡಿಯುವುದಿಲ್ಲ. ಆದರೆ ಯಾರಾದರೂ ಕೇಳಿದರೆ 'ಎಣ್ಣೆ ಬಟ್ಟೆಯಲ್ಲಿ ಒರೆಸಿ' ಎನ್ನಬೇಕು. ಅಕ್ಕನಿಗೆ ಎಂಟು ವರ್ಷವಿದ್ದಾಗಲೇ ಅಪ್ಪ ಇದನ್ನು ಬಾಯಿಪಾಠ ಮಾಡಿಸಿದ್ದ. ಆಗ ಬೀದಿಯಲ್ಲಿ ಏಳು ಅಂಗಡಿ, ಗೋಡೆಗೂ ಕಿವಿ. ಅದು ಹೊಟ್ಟೆಪಾಡಿನ ಸುಳ್ಳು. ಈಗ ಗುಟ್ಟು ಕದಿಯಲು ಯಾರಿದ್ದಾರೆ? ಸುಳ್ಳು ಮಾತ್ರ ಗಟ್ಟಿಯಾಗಿ ಉಳಿದುಕೊಂಡಿದೆ.

ಅಕ್ಕ ಎಲ್ಲವನ್ನೂ ಹೇಳಿಬಿಟ್ಟಳು. ಮೇಡಂ ಮೆಲ್ಲಗೆ, "ಆ ಸಾಲು ತೆಗೆದುಬಿಡೋಣ ಅಕ್ಕಾ. ಯಾರಿಗೂ ಗೊತ್ತಾಗಲ್ಲ" ಎಂದರು. ಹಾವೂ ಸಾಯಬಾರದು, ಕೋಲೂ ಮುರಿಯಬಾರದು.

"ಬೇಡ. ಹಳೇ ಪುಸ್ತಕ ಎಷ್ಟು ಮನೇಲಿದೆಯೋ. ಇದು ಸುಳ್ಳು ಅಂತ್ಲೇ ಅಚ್ಚು ಹಾಕಿ. ಹೇಳಿದ್ದು ಅವರ ಮಗಳು ಅಂತ್ಲೂ ಹಾಕಿ."

ತಿದಿಯ ಹಿಂದಿನಿಂದ ಅಣ್ಣ ಸಿಡಿದ. "ಸತ್ತೋನ ಹೆಸರಿಗೆ ಮಸಿ ಬಳೀತೀಯೇನೇ? ಜನ ಆ ಫೋಟೋಗೆ ಕೈ ಮುಗೀತಾರೆ!"

"ಫೋಟೋ ಉಳಿಸ್ಕೊಂಡು ಕಸುಬು ಕಳ್ಕೊಳ್ಳೋಣ್ವಾ ಅಣ್ಣಾ? ನಾನು ಹೋದ ಮೇಲೆ ಯಾರು ತಿದ್ತಾರೆ?"

ಅಣ್ಣ ಅವಳ ಜೊತೆ ಮಾತು ಬಿಟ್ಟ. ಅಕ್ಕನಿಗೆ ಅನ್ನ ಸೇರಲಿಲ್ಲ. ಅಪ್ಪನೆಂದರೆ ಅವಳಿಗೆ ಪ್ರಾಣ. ಆದರೂ ತಾನು ಹೇಳಿದ್ದು ಸರಿ ಎನ್ನುವುದರಲ್ಲಿ ಅವಳಿಗೆ ಎಳ್ಳಷ್ಟೂ ಅನುಮಾನವಿರಲಿಲ್ಲ.

ಎಂಟನೆಯ ದಿನ ಕ್ಯಾಮೆರಾ ಬಂತು. ಅಣ್ಣ ಬಂದು ತಿದಿಯ ಹತ್ತಿರ ಕೂತ. ತಂಗಿಯ ಕಡೆ ತಿರುಗಿಯೂ ನೋಡಲಿಲ್ಲ. ಅಕ್ಕ ಬೋಗುಣಿ ಉಜ್ಜಿದಳು, ತೊಳೆದಳು, ಒಳಗೆ ಬೆರಳು ತಾಗದ ಹಾಗೆ ಇಕ್ಕಳದಲ್ಲಿ ಎತ್ತಿ ಕೆಂಡದ ಮೇಲಿಟ್ಟಳು. ಕೈ ಒಂದಿಷ್ಟೂ ತಪ್ಪಲಿಲ್ಲ.

"ಹೇಳಿ ಅಕ್ಕಾ, ತೊಳೆದಾದ ಮೇಲೆ ಏನು ಮಾಡ್ಬೇಕು?" ಮೇಡಂ ಕೇಳಿದರು.

"ಎಣ್ಣೆ ಬಟ್ಟೇಲಿ ಒರೆಸ್ಬೇಕು" ಎಂದಳು ಅಕ್ಕ.

ಐವತ್ತು ವರ್ಷದ ಅಭ್ಯಾಸ. ಕೇಳಿದ್ದೇ ತಡ, ನಾಲಿಗೆ ತಾನಾಗಿ ಹೇಳಿಬಿಟ್ಟಿತ್ತು. ಅಷ್ಟು ಗಟ್ಟಿಗಿತ್ತಿಯ ಮುಖ ಬಿಳಿಚಿಕೊಂಡಿತು. ಅವಳು ಅಣ್ಣನ ಕಡೆ ತಿರುಗಿದಳು.

ತಿದಿ ನಿಂತಿತು.

"ಸುಳ್ಳು ಅದು" ಎಂದ ಅಣ್ಣ, ಕ್ಯಾಮೆರಾವನ್ನೇ ದಿಟ್ಟಿಸಿ. "ನಮ್ಮಪ್ಪ ನಮ್ಮಿಬ್ರಿಗೂ ಕಲಿಸಿದ ಸುಳ್ಳು. ಎಣ್ಣೆ ಇರ್ಲಿ, ಬೆರಳೂ ತಾಗಿಸ್ಬಾರ್ದು. ಹಾಗೇ ಬರ್ಕೊಳ್ಳಿ."

ಆಮೇಲೆ ತಂಗಿಯ ಕಡೆ ತಿರುಗಿ ಗದರಿದ: "ನನ್ನ ಮುಖ ಏನ್ ನೋಡ್ತಿದ್ದೀಯಾ? ಪಾತ್ರೆ ಕಾದಿದೆ, ತವರ ಹಾಕು."