ಟೇಪು ಕತ್ತರಿಸುವ ತನಕ

ನಿವೃತ್ತಿಯ ದಿನ ನನಗೆ ಒಂದು ಶಾಲು, ಒಂದು ಬುಟ್ಟಿ ಹಣ್ಣು, ಒಂದು ಕಾದಂಬರಿ ಸಂದವು. ಹಣ್ಣು ಹಂಚಿ ಮುಗಿಯಿತು, ಶಾಲು ಪೆಟ್ಟಿಗೆ ಸೇರಿತು. ಕಾದಂಬರಿಯನ್ನು ಮಾತ್ರ ಓದಿಬಿಟ್ಟೆ. ಸನ್ಮಾನದಲ್ಲಿ ಬಂದ ಪುಸ್ತಕವನ್ನು ನಮ್ಮ ಕಡೆ ಯಾರೂ ಓದುವುದಿಲ್ಲ, ಮುಂದಿನ ಸನ್ಮಾನಕ್ಕೆ ಸಾಗಿಸುತ್ತಾರೆ. ನನ್ನ ಪ್ರತಿಯ ಮೊದಲ ಹಾಳೆಯನ್ನು ಯಾರೋ ಬ್ಲೇಡಿನಿಂದ ನೀಟಾಗಿ ತೆಗೆದಿದ್ದರು. ಅಂದರೆ ಅದು ಈಗಾಗಲೇ ಒಬ್ಬಿಬ್ಬರನ್ನು ಗೌರವಿಸಿಯೇ ನನ್ನ ತನಕ ಬಂದಿತ್ತು. ಆ ಘನ ಪರಂಪರೆಯನ್ನು ಮುರಿದದ್ದು ನನ್ನ ಮೊದಲ ತಪ್ಪು.

ಕಥೆ ದೊಡ್ಡದಲ್ಲ. ಬಯಲುಸೀಮೆಯ ಕುಂಬಾರನೊಬ್ಬನಿಗೆ ದೋಣಿ ಕಟ್ಟುವ ಕನಸು. ಊರು ನಗುತ್ತದೆ, ಅವನು ಕಟ್ಟುತ್ತಾನೆ, ಎಳೆದುಕೊಂಡು ಕಡಲಿನ ತನಕ ಹೋಗುತ್ತಾನೆ. ಪ್ರತಿ ಅಧ್ಯಾಯದ ಕೊನೆಗೆ ಚೌಕಟ್ಟಿನೊಳಗೆ ಒಂದು ಜೀವನಪಾಠ. ಮೂವತ್ತು ವರ್ಷ ಮಕ್ಕಳಿಂದ ಸಾರಾಂಶ ಬರೆಸಿದ ಹೆಡ್‌ಮಾಸ್ತರ ನಾನು. ಸಾರಾಂಶವನ್ನು ಬರೆದವನೇ ಕೊಟ್ಟರೆ ಬಿಡುವುದುಂಟೆ? ಸ್ಕೇಲು ಇಟ್ಟು ಕೆಂಪು ಪೆನ್ನಿನಲ್ಲಿ ಅಡಿಗೆರೆ ಎಳೆದೆ. ನನಗೆ ಸ್ವಂತದ ಕನಸು ಇರಲಿಲ್ಲವಾಗಿ ಪಾಠಗಳು ಸುಮ್ಮನೆ ಬಿದ್ದಿದ್ದವು. ಕನಸು ಇದ್ದವರೊಬ್ಬರು ಗೊತ್ತಿದ್ದರು. ಅವರಿಗೆ ಕೊಟ್ಟೆ.

ಅವರು ಹರಪನಹಳ್ಳಿಯಲ್ಲಿ ನನ್ನ ಕೈಕೆಳಗೆ ಇದ್ದ ಡ್ರಾಯಿಂಗ್ ಮೇಷ್ಟ್ರು. ಅದಕ್ಕೂ ಮೊದಲು ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹೂವಿನಹಡಗಲಿ ಎಂದು ವರ್ಗವಾಗುತ್ತಲೇ ಬಂದವರು. ಹೋದ ಊರಲ್ಲೆಲ್ಲ ಬಸ್‌ಸ್ಟ್ಯಾಂಡಿನಲ್ಲಿ ಬಸ್ಸಿಗೆ ಕಾಯುವವರನ್ನು ಬರೆದರು. ಕಾಯುವವರು ಅಲುಗಾಡುವುದಿಲ್ಲ, ಬರೆಯುವುದಕ್ಕೆ ಅನುಕೂಲ ಎಂಬುದು ಅವರು ಕೊಡುತ್ತಿದ್ದ ಕಾರಣ. ಒಟ್ಟು ಇಪ್ಪತ್ತೆರಡು ಚಿತ್ರ. ಮನೆಯ ಸಣ್ಣ ಕೋಣೆಯಲ್ಲಿ ಗೋಡೆಗೆ ಮುಖ ಮಾಡಿ ಒಂದಕ್ಕೊಂದು ಒರಗಿದ್ದವು. ಅಷ್ಟನ್ನೂ ಒಟ್ಟಿಗೆ ಅವರೇ ಒಮ್ಮೆಯೂ ನೋಡಿರಲಿಲ್ಲ. ಒಂದು ದಿನ ಒಂದೇ ಕಡೆ ತೂಗುಹಾಕಿ ನಡುವೆ ನಿಂತು ನೋಡಬೇಕು ಎನ್ನುವುದೇ ಅವರ ಕನಸು.

ಅಷ್ಟರಲ್ಲಿ ಕಣ್ಣು ಹೋಗತೊಡಗಿತ್ತು. ನರ ಒಣಗುತ್ತಿದೆ, ಹೋದ ನೋಟ ಬರುವುದಿಲ್ಲ ಎಂದು ದಾವಣಗೆರೆಯ ಡಾಕ್ಟರು ಹೇಳಿದ್ದರು. ನಡು ಹಗಲಿನ ಬೆಳಕಿನಲ್ಲಿ ಇನ್ನೂ ಕಾಣುತ್ತಿತ್ತು. ಹೊತ್ತು ಇಳಿದರೆ ಬಾಗಿಲು ಯಾವುದು, ಗೋಡೆ ಯಾವುದು ತಿಳಿಯುತ್ತಿರಲಿಲ್ಲ. ಕಾದಂಬರಿಯನ್ನು ಅವರ ಹೆಂಡತಿ ಓದಿ ಹೇಳಿದರು. ಚೌಕಟ್ಟಿನ ಪಾಠ ಬಂದಾಗ ಮಾತ್ರ ತಲಾಟಿ ನೋಟಿಸು ಓದುವ ಧಾಟಿಯಲ್ಲಿ ಓದುತ್ತಿದ್ದರಂತೆ. ಓದಿ ಮುಗಿದ ವಾರ ಮೇಷ್ಟ್ರು ನನ್ನ ಮನೆಗೆ ಬಂದು, ಪ್ರದರ್ಶನ ಮಾಡೇಬಿಡೋಣ ಎಂದರು.

ವ್ಯವಸ್ಥೆ ನನ್ನದು. ಹರಪನಹಳ್ಳಿಯಲ್ಲೇ ಒಂದು ದಿನದ ಮಟ್ಟಿಗೆ ಭವನವೊಂದು ಸಿಕ್ಕಿತು. ಮರುದಿನ ಅಲ್ಲಿ ಮದುವೆ, ರಾತ್ರಿ ಎಂಟಕ್ಕೆ ಖಾಲಿ ಮಾಡಬೇಕು. ಆಹ್ವಾನ ಪತ್ರಿಕೆ ಅಚ್ಚು ಹಾಕಿಸಿದೆ. ಉದ್ಘಾಟಕರು, ಅಧ್ಯಕ್ಷರು, ಘನ ಉಪಸ್ಥಿತಿ, ವಿಶೇಷ ಆಹ್ವಾನಿತರು ಎಲ್ಲರ ಹೆಸರೂ ಅವರವರ ತೂಕದ ಅಕ್ಷರದಲ್ಲಿ ಬಂದವು. ಚಿತ್ರ ಬರೆದವರ ಹೆಸರು ಕೊನೆಗೆ, ವಂದನಾರ್ಪಣೆಯ ಮೇಲೆ. ಬೆಳಿಗ್ಗೆ ಏಳಕ್ಕೆ ನಾನೇ ಹೋಗಿ ಚಿತ್ರಗಳನ್ನು ತೂಗುಹಾಕಿದೆ. ಬಾಗಿಲಿಗೆ ಕೆಂಪು ಟೇಪು ಕಟ್ಟಿ, ಬೀಗ ಜಡಿದು, ಬೀಗದ ಕೈಯನ್ನು ಜೇಬಿಗೆ ಹಾಕಿಕೊಂಡೆ. ಒಂದು ತಟ್ಟೆಯಲ್ಲಿ ಅರಿಶಿನ, ಕುಂಕುಮ, ಕತ್ತರಿ.

ಹನ್ನೊಂದಕ್ಕೆ ಬರಬೇಕಾದ ಉದ್ಘಾಟಕರು ಹನ್ನೊಂದಕ್ಕೆ ಕೂಡ್ಲಿಗಿಯಲ್ಲಿದ್ದರು. ಹನ್ನೆರಡೂವರೆಗೆ ಫೋನು ಮಾಡಿದರೆ ಹಗರಿಬೊಮ್ಮನಹಳ್ಳಿಯಲ್ಲಿ ಯಾರದೋ ಮನೆಗೆ ಮಾತಾಡಿಸಲು ಹೋಗಿದ್ದಾರೆ ಎಂದು ಅವರ ಕಡೆಯವರು ಹೇಳಿದರು. ಎರಡಕ್ಕೆ ಹಡಗಲಿಯಲ್ಲಿ ಊಟ. ಒಳಗೆ ಗೋಡೆಯ ಮೇಲಿದ್ದ ಬಸ್‌ಸ್ಟ್ಯಾಂಡುಗಳನ್ನೆಲ್ಲ ಆ ಮಹನೀಯರು ಹೊರಗೆ ಒಂದೊಂದಾಗಿ ದರ್ಶನ ಮಾಡುತ್ತಿದ್ದರು. ಹೊಸ ಬಿಳಿ ಅಂಗಿ ತೊಟ್ಟ ಮೇಷ್ಟ್ರು ಮೆಟ್ಟಿಲ ಮೇಲೆ ಕುಳಿತು, ನೆರಳು ಎಲ್ಲಿಗೆ ಬಂತು ಎಂದು ಕೈಯಿಂದ ಕಲ್ಲು ಮುಟ್ಟಿ ನೋಡುತ್ತಿದ್ದರು. ಮೂರಕ್ಕೆ ಎದ್ದು ನನ್ನ ಹತ್ತಿರ ಬಂದರು.

"ಸರ್, ಬಿಸಿಲು ಇರೋದ್ರಾಗ ಒಂದ್ಸಲ ಒಳಗ ಹೋಗಿ ಬರ್ಲೇನ್ರಿ?"

"ಟೇಪು ಕಟ್ಟೇತಿ ಮೇಷ್ಟ್ರೆ. ಉದ್ಘಾಟನಿ ಆಗೋತನ ಅದು ಪ್ರದರ್ಶನ ಅಲ್ಲ, ಬರೇ ಗೋಡಿ."

"ಹಂಗಾರ ಗೋಡೀನ ನೋಡಿ ಬರ್ತೀನಿ ಬಿಡ್ರಿ."

ನಾನು ನಕ್ಕೆ. ಚೆನ್ನಾದ ಮಾತಿಗೆ ನಗುವಷ್ಟು ಸಂಸ್ಕಾರ ನನಗಿತ್ತು, ಬೀಗ ತೆಗೆಯುವಷ್ಟು ಇರಲಿಲ್ಲ. ಅವರ ಹೆಂಡತಿ ಪಕ್ಕದಲ್ಲೇ ಹೂವಿನ ಹಾರಕ್ಕೆ ನೀರು ಚಿಮುಕಿಸುತ್ತಿದ್ದರು. ತಲೆ ಎತ್ತದೆ ಹೇಳಿದರು:

"ಆ ಕುಂಬಾರ ಯಾರ ದಾರೀನೂ ಕಾಯ್ಲಿಲ್ಲಲ್ರಿ, ಸರ್."

ಕುಂಬಾರ ಆಹ್ವಾನ ಪತ್ರಿಕೆ ಅಚ್ಚು ಹಾಕಿಸಿರಲಿಲ್ಲ ಎಂದು ನಾನು ಸಮಜಾಯಿಷಿ ಕೊಟ್ಟೆ. ನಿಜವಾಗಿಯೂ ಕೊಟ್ಟೆ. ನಾಲ್ಕಕ್ಕೆ ಮತ್ತೆ ಫೋನು ಮಾಡಿದಾಗ, ಕೊಟ್ಟೂರಿನಾಗ ಅದಾರ, ಹೊಂಟೇಬಿಟ್ಟಾರ ಎಂಬ ಉತ್ತರ ಬಂತು.

ಬಂದದ್ದು ಆರೂವರೆಗೆ. ಚಳಿಗಾಲದ ಹೊತ್ತು, ಮುಳುಗಿಯಾಗಿತ್ತು. ಕರೆಂಟೂ ಹೋಗಿತ್ತು. ಟೇಪು ಕತ್ತರಿಸಿದ್ದಕ್ಕೆ ಮೊಬೈಲುಗಳ ಬೆಳಕಿನಲ್ಲೇ ಚಪ್ಪಾಳೆಯಾಯಿತು. ಉದ್ಘಾಟಕರು ಹಡಗಲಿಯ ಬಸ್‌ಸ್ಟ್ಯಾಂಡಿನ ಚಿತ್ರದ ಮುಂದೆ ನಿಂತು, ಸಂತೆ ಚೆನ್ನಾಗಿ ಬಂದಿದೆ ಎಂದು ಮೆಚ್ಚಿ, ಫೋಟೋ ತೆಗೆಸಿಕೊಂಡು ಹೊರಟರು. ಮೇಷ್ಟ್ರು ನಡುವೆ ನಿಂತಿದ್ದರು, ಕನಸಿನಲ್ಲಿ ಹೇಗೋ ಹಾಗೆಯೇ. ಯಾರದೋ ಟಾರ್ಚು ಹೊರಳಿದ ಕಡೆ ಮುಖ ಹೊರಳಿಸುತ್ತಿದ್ದರು. ಆಮೇಲೆ ಗೋಡೆ ಹಿಡಿದುಕೊಂಡು ನಡೆಯುತ್ತ ಚೌಕಟ್ಟುಗಳನ್ನು ಮುಟ್ಟಿ ಎಣಿಸಿದರು. ಎಂಟಕ್ಕೆ ಬಿಚ್ಚಿದೆವು.

ಇನ್ನೊಂದು ಸಲ ಹಾಕೋಣ ಎಂದು ನಾನು ಭವನಕ್ಕೆ ಮತ್ತೆ ಅರ್ಜಿ ಕೊಟ್ಟೆ. ಅದು ಮಂಜೂರಾಗುವ ಹೊತ್ತಿಗೆ ಬೇಸಿಗೆ ಕಳೆದು ಮಳೆಗಾಲವೂ ಅರ್ಧ ಆಗಿತ್ತು. ಈ ಸಲ ಟೇಪಿಲ್ಲ, ಕತ್ತರಿಯಿಲ್ಲ, ಪತ್ರಿಕೆಯಿಲ್ಲ. ಕಿಟಕಿಗಳನ್ನೆಲ್ಲ ತೆರೆದು ಮಧ್ಯಾಹ್ನ ಹನ್ನೆರಡಕ್ಕೆ ಮೇಷ್ಟ್ರನ್ನು ಕರೆದುಕೊಂಡು ಬಂದೆ. ಅವರ ಹೆಂಡತಿ ಕೈ ಹಿಡಿದು ನಡುವೆ ನಿಲ್ಲಿಸಿದರು. ಆಮೇಲೆ ಚೀಲದಿಂದ ಕಾದಂಬರಿ ತೆಗೆದು ನನಗೆ ಕೊಟ್ಟು, ಮುಂದಿನ ಸನ್ಮಾನಕ್ಕ ಬರ್ತತಿ, ಇಟ್ಕೊಳ್ರಿ ಎಂದರು. ಇಟ್ಟುಕೊಂಡೆ. ಇನ್ನೂ ಯಾರಿಗೂ ಕೊಟ್ಟಿಲ್ಲ.

ಮೇಷ್ಟ್ರು ಗಾಳಿ ಬಂದ ಕಿಟಕಿಯ ಕಡೆ ಮುಖ ಹೊರಳಿಸಿದರು.

"ಬೆಳಕು ಐತೇನ್ರಿ?"

"ಬೇಕಾದಷ್ಟು ಐತಿ."

"ಕೊಟ್ಟೂರಿನ ಚಿತ್ರದಾಗ ಕಂಬದ ಹಿಂದ ಒಬ್ಬಾಕಿ ಮುದುಕಿ ಕುಂತಾಳ. ಅದಾಳೇನು, ನೋಡ್ರಿ."

ಹೋಗಿ ನೋಡಿದೆ. ಕಂಬದ ಹಿಂದೆ, ಬುತ್ತಿಯ ಗಂಟನ್ನು ತೊಡೆಯ ಮೇಲೆ ಇಟ್ಟುಕೊಂಡು, ರಸ್ತೆಯ ಕಡೆ ಕತ್ತು ಚಾಚಿ ಕುಳಿತಿದ್ದಳು. ಆ ಚಿತ್ರವನ್ನು ನನ್ನ ಕೈಯಿಂದಲೇ ಎರಡು ಸಲ ಮೊಳೆಗೆ ತೂಗುಹಾಕಿದ್ದೆ. ಅವಳನ್ನು ನೋಡಿದ್ದು ಮಾತ್ರ ಆಗಲೇ ಮೊದಲು.

"ಅದಾಳ್ರಿ," ಎಂದೆ.

ಮುಂದಿನದು ಯಾವುದು ಹೇಳ್ರಿ ಎಂದರು. ಮೂವತ್ತು ವರ್ಷ ಪಾಠ ಹೇಳಿದವನಿಗೆ ಒಂದು ಚಿತ್ರವನ್ನು ಹೇಳಲು ಬರಲಿಲ್ಲ. ಹೂವಿನಹಡಗಲಿ ಎಂದೆ, ಅಷ್ಟೇ.