ಫಕೀರವ್ವನ ಜೀಪಿಗೆ ಉದ್ದ ಪೈಪು

ಮೂಡಲಗಿ ಕಡೆಯ ಹಳ್ಳಿಗಳಲ್ಲಿ ಅವಳನ್ನು ಮಾಲಿಂಗನ ಹೆಂಡತಿ ಎಂದು ಗುರುತಿಸುವವರಿಗಿಂತ ಜೀಪಿನ ಫಕೀರವ್ವ ಎಂದು ಗುರುತಿಸುವವರೇ ಹೆಚ್ಚು. ಮೊದಲು ಅವರ ಮನೆಯಲ್ಲಿ ಕುದುರೆಯಿತ್ತು. ಮಾಲಿಂಗ ಕುರಿ ಹೊಡೆದುಕೊಂಡು ಮುಂದೆ ನಡೆದರೆ, ಫಕೀರವ್ವ ಕುದುರೆಯ ಮೇಲೆ ಕುರಿ ತರುಬುವ ಬಲೆ, ಬೋಗುಣಿ, ಕೌದಿ, ಆಗಷ್ಟೇ ಹುಟ್ಟಿದ ಮರಿಗಳನ್ನು ಹೇರಿಕೊಂಡು ಹಿಂದಿನಿಂದ ಹೋಗುತ್ತಿದ್ದಳು. ಆ ಕುದುರೆ ಮುಪ್ಪಾಗಿ ಸತ್ತಾಗ ಮಾಲಿಂಗ ಇನ್ನೊಂದನ್ನು ಹುಡುಕಲು ಹೊರಟ. ಫಕೀರವ್ವ ಬೇಡವೆಂದಳು. ಗೋಕಾಕದಲ್ಲಿ ಒಬ್ಬರ ಹಿತ್ತಲಲ್ಲಿ ನಾಲ್ಕೂ ಚಕ್ರಕ್ಕೆ ಎಂಜಿನ್ನಿನ ಬಲ ಹೋಗುವ ಹಳೆಯ ಜೀಪೊಂದು ನಿಂತಿದೆ, ಕೆಸರಿನಲ್ಲಿ ಸಿಕ್ಕಿಬೀಳುವುದಿಲ್ಲವಂತೆ ಎಂದು ಅವಳಿಗೆ ಯಾರೋ ಹೇಳಿದ್ದರು. ಜೀಪು ಬಂತು. ಆದರೆ ಮಾಲಿಂಗನಿಗೆ ಕುರಿಯ ಹಿಂಡು ಬಿಟ್ಟು ಸ್ಟಿಯರಿಂಗ್ ಹಿಡಿಯುವ ಮನಸ್ಸಾಗಲಿಲ್ಲ. ಮಗ ಸತ್ತೆಪ್ಪನೂ ಅಪ್ಪನ ಹಾಗೆಯೇ, ಕುರಿಯ ಹಿಂದೆ ನಡೆಯುವವನು. ಕೊನೆಗೆ ನಲವತ್ತು ದಾಟಿದ ಫಕೀರವ್ವನೇ ಕಬ್ಬು ಕಡಿದ ಬಯಲು ಹೊಲದಲ್ಲಿ ಗಾಡಿ ಕಲಿತಳು. ಸುತ್ತಲಿನವರು ನಕ್ಕರು. ಮರಿಗಳನ್ನು ಹಿಂದೆ ಕೂಡಿಸಿಕೊಂಡು ಸಂತೆಯ ನಡುವಿನಿಂದ ಗಾಡಿ ಹೊರತಂದ ದಿನ ನಗು ನಿಂತಿತು.

ಜೀಪು ಎಲ್ಲ ಮಾತನ್ನೂ ಕೇಳುತ್ತಿತ್ತು, ಒಂದನ್ನು ಬಿಟ್ಟು. ಮಳೆಗಾಲದಲ್ಲಿ ಹುಕ್ಕೇರಿ ಕಡೆಗೆ ಹೋಗುವಾಗ ಹಳ್ಳಗಳನ್ನು ದಾಟಬೇಕು. ದಾಟಿ ಬಂದ ಕೆಲವು ದಿನಗಳಿಗೆ ಹಿಂದಿನ ಎರಡು ಚಕ್ರಗಳ ನಡುವೆ ಕುಂಬಳಕಾಯಿಯ ಹಾಗೆ ಉಬ್ಬಿಕೊಂಡಿರುವ ಕಬ್ಬಿಣದ ಗುಂಡಿನೊಳಗಿಂದ ಗುಂಯ್ ಎಂಬ ಸದ್ದು ಶುರುವಾಗುತ್ತಿತ್ತು. ಬಿಚ್ಚಿ ನೋಡಿದರೆ ಒಳಗಿನ ಎಣ್ಣೆ ಹಾಲು ಹೆಚ್ಚಾದ ಚಹಾದಂತೆ ಬೆಳ್ಳಗೆ. ನೀರು ಸೇರಿದೆ ಎಂದು ಒಬ್ಬ ಗ್ಯಾರೇಜಿನವನು ಸೀಲು ಬದಲಿಸಿದ. ಮರುವರ್ಷವೂ ಅದೇ. ಇನ್ನೊಬ್ಬನೂ ಸೀಲು ಬದಲಿಸಿದ. ಎಲ್ಲ ಕಡೆ ಬೋಲ್ಟು ಬಿಗಿದು ಮುಚ್ಚಿದ ಕಬ್ಬಿಣದೊಳಗೆ ನೀರು ಎಲ್ಲಿಂದ ಹೋಗುತ್ತದೆ ಎನ್ನುವುದು ಫಕೀರವ್ವನ ತಲೆ ತಿಂದ ಪ್ರಶ್ನೆ. ಅಡುಗೆ ಮಾಡುವಾಗಲೂ ಅದೇ ಯೋಚನೆ, ಮರಿಗೆ ಹಾಲು ಕುಡಿಸುವಾಗಲೂ ಅದೇ.

ಉತ್ತರ ಹೇಳಿದವನು ಘಟಪ್ರಭಾದ ಅಖ್ತರ ಮಿಸ್ತ್ರಿ. ಗುಂಡಿನ ಪಕ್ಕದಲ್ಲಿ ಆ್ಯಕ್ಸಲ್ಲಿನ ಮೇಲೆ ಗೋಲಿಯಷ್ಟು ದೊಡ್ಡದೊಂದು ಟೊಪ್ಪಿಗೆ ಇರುತ್ತದೆ, ಅದನ್ನು ಬ್ರೀದರ್ ಅನ್ನುತ್ತಾರೆ, ಗಾಡಿ ಉಸಿರಾಡುವುದು ಅಲ್ಲಿಂದ ಎಂದ. ಅದನ್ನು ತೆಗೆದು ಉದ್ದನೆಯ ರಬ್ಬರ್ ಪೈಪು ಹಾಕಿ, ಅದರ ಬಾಯನ್ನು ಬಾನೆಟ್ಟಿನೊಳಗೆ ಎತ್ತರಕ್ಕೆ ಒಯ್ದು ಕಟ್ಟಿದರೆ ನೀರಿನ ಕಾಟ ತಪ್ಪುತ್ತದೆ. ಮುಂದಿನ ಚಕ್ರಗಳ ನಡುವೆಯೂ ಇರುವ ಅಂಥದೇ ಗುಂಡಿಗೊಂದು, ಹಿಂದಿನದಕ್ಕೊಂದು. ಆದರೆ ಅವನಿಗೆ ಹೊಟ್ಟೆಯ ಆಪರೇಷನ್ ಆಗಿತ್ತು. ಬಗ್ಗಬಾರದು, ಭಾರ ಎತ್ತಬಾರದು ಎಂದು ಡಾಕ್ಟರು ಹೇಳಿದ್ದರಿಂದ ಗ್ಯಾರೇಜಿಗೆ ಬೀಗ ಬಿದ್ದಿತ್ತು. ಮೊದಲ ಮಳೆ ಬಿದ್ದಾಗಿತ್ತು, ಕುರಿ ಹೊರಡುವ ದಿನ ಹತ್ತಿರವಿತ್ತು. ಪೈಪು, ಟೊಪ್ಪಿಗೆಯ ಜಾಗದಲ್ಲಿ ಕೂಡಿಸುವ ಮೂತಿ, ಕ್ಲಿಪ್ಪು, ಪೈಪಿನ ಬಾಯಿಗೆ ಹಾಕುವ ಸಣ್ಣ ಜಾಳಿಗೆ ಎಲ್ಲವನ್ನೂ ಒಂದು ಚೀಲದಲ್ಲಿ ಕೊಟ್ಟು, ಕೆಲಸ ದೊಡ್ಡದಲ್ಲ, ಮನೆಯಲ್ಲೇ ಮಾಡಿಕೊಳ್ಳಿ ಎಂದು ಅಖ್ತರ ಹೇಳಿದ.

ಫಕೀರವ್ವ ಚೀಲ ಹಿಡಿದುಕೊಂಡು ನಿಂತೇ ಇದ್ದಳು. "ಗಾಳಿ ಹೊರಗ ಬಿಡಾಕ ಇಟ್ಟ ತೂತು, ನೀರ ಯಾಕ ಕುಡೀತೈತಿ, ತಮ್ಮಾ?"

"ಗಾಡಿ ಓಡಿದಂಗ ಒಳಗಿನ ಗಾಳಿ ಕಾಯ್ತೈತ್ರಿ ಅಕ್ಕಾ, ಉಬ್ಬಿ ಹೊರಗ ಬರತೈತಿ. ಕಾದ ಗಾಡಿ ಹಳ್ಳದ ತಣ್ಣೀರಾಗ ಇಳಿದ್ರ ಆ ಗಾಳಿ ಕುಗ್ಗತೈತಿ. ಆವಾಗ ಹೊರಗಿಂದ ಎಳ್ಕೊಬೇಕಲ್ರಿ? ತೂತು ನೀರಾಗ ಮುಳಗಿರತೈತಿ. ನೀರನ್ನ ಎಳ್ಕೊತೈತಿ."

ಅವಳು ತಲೆಯಾಡಿಸಿದಳು. ಬಸ್ಸಿನಲ್ಲಿ ಕೂತು ಮೂಡಲಗಿಗೆ ಬರುವಷ್ಟರಲ್ಲಿ, ತಿಳಿದಿದೆ ಅಂದುಕೊಂಡದ್ದು ಯಾವುದು, ತಿಳಿಯದೇ ಇದ್ದದ್ದು ಯಾವುದು ಎಂಬುದೇ ಕಲಸಿಹೋಯಿತು.

ಮರುದಿನ ಬೆಳಿಗ್ಗೆ ಬೇವಿನ ಮರದ ಕೆಳಗೆ ಜೀಪು ನಿಲ್ಲಿಸಿ, ಚಕ್ರಗಳಿಗೆ ಕಲ್ಲು ಕೊಟ್ಟು, ಗೋಣಿಚೀಲ ಹಾಸಿ ಫಕೀರವ್ವ ಗಾಡಿಯ ಕೆಳಗೆ ನುಸುಳಿದಳು. ಸೊಸೆ ವಿಜಯಲಕ್ಷ್ಮಿ ಮೊಬೈಲು ಹಿಡಿದುಕೊಂಡು ಬದಿಯಲ್ಲಿ ಕುಳಿತಳು. ಯಾವುದೋ ದೇಶದವನೊಬ್ಬ ಇದೇ ಕೆಲಸ ಮಾಡುವ ವಿಡಿಯೋ ಅವಳಿಗೆ ಸಿಕ್ಕಿತ್ತು. ಅವನ ಗಾಡಿಯ ಹೊಟ್ಟೆ ಅಡುಗೆಮನೆಯ ಕಟ್ಟೆಯಂತೆ ಸ್ವಚ್ಛವಾಗಿತ್ತು. ಇವರ ಗಾಡಿಯ ಕೆಳಗೆ ಎರಡು ಮಳೆಗಾಲದ ಕೆಸರು ಒಣಗಿ ಹೆಪ್ಪುಗಟ್ಟಿತ್ತು. ಅವನು ನಾಲ್ಕು ಪೈಪು ಹಾಕಿದ, ಇವರ ಚೀಲದಲ್ಲಿದ್ದದ್ದು ಎರಡಕ್ಕಾಗುವಷ್ಟು. ಉಳಿದೆರಡು ದಾರಿಯಲ್ಲಿ ಬಿದ್ದವೇನೋ ಎಂದು ಫಕೀರವ್ವ ಚೀಲ ಕೊಡವಿ ನೋಡಿದಳು. ಫೋನಿನಲ್ಲಿ ಅಖ್ತರ, ಉಳಿದವು ಗೇರ್ ಬಾಕ್ಸಿನವು, ಈಗ ಅವುಗಳ ಗೊಡವೆ ಬೇಡ ಎಂದ.

ಗುಂಡಿನ ಹಿಂಬದಿಯಲ್ಲಿ ಒಂದು ಬಿರಡೆ ಕಂಡಿತು. ಇದೇ ಇರಬೇಕು ಎಂದು ಫಕೀರವ್ವ ಪಾನಾ ಹಾಕಿ ತಿರುಗಿಸಿದಳು. ಬಿಗಿದು ಕೂತಿದ್ದ ಬಿರಡೆ ಸಡಿಲವಾಗುತ್ತಲೇ ಬಿಳಿಯ ಎಣ್ಣೆ ಜಿನುಗಿ ಅವಳ ಕುಪ್ಪಸದ ತೋಳಿಗೆ ಇಳಿಯಿತು. ಏನೋ ಒಡೆದೆನೆಂದು ಅವಳು ಅಂಗೈಯಿಂದ ತೂತು ಒತ್ತಿ ಹಿಡಿದಳು. ಸೊಸೆ ಪರಾತ ತಂದು ಕೆಳಗಿಟ್ಟು, ಮೊಬೈಲು ನೋಡಿ, ಮತ್ತೆ ಗಾಡಿ ನೋಡಿ, ಮೆಲ್ಲಗೆ ಹೇಳಿದಳು: "ಅತ್ತಿ, ಅದು ಎಣ್ಣಿ ಹಾಕೂ ತೂತ ಐತ್ರಿ. ನಮಗ ಬೇಕಾಗಿದ್ದು ಮ್ಯಾಲ ಐತಿ, ಕೆಸರಿನ ಕೆಳಗ."

ಹೇಗೂ ಎಣ್ಣೆ ಬದಲಿಸಬೇಕಾಗಿತ್ತು, ಹಳೆಯದನ್ನೆಲ್ಲ ಇಳಿಸಿ ಹೊಸದು ತುಂಬಿದರು. ಆಮೇಲೆ ಕೆಸರು ಕೆರೆದರು. ಮಣ್ಣು ಒಳಗೆ ಬೀಳದಂತೆ ಸೀಮೆಎಣ್ಣೆಯಲ್ಲಿ ಬ್ರಶ್ಶು ಅದ್ದಿ ತಿಕ್ಕಿದಾಗ ನಿಜವಾದ ಟೊಪ್ಪಿಗೆ ಕಣ್ಣಿಗೆ ಬಿತ್ತು. ಅದು ಇಷ್ಟು ಸಣ್ಣದು. ಇಷ್ಟಕ್ಕಾಗಿ ಇಷ್ಟು ವರ್ಷ ಪಾಡುಪಟ್ಟೆನಾ ಎಂದು ಫಕೀರವ್ವನಿಗೆ ನಂಬಿಕೆಯೇ ಬರಲಿಲ್ಲ. ಅದನ್ನು ಬಿಚ್ಚಿ ಮೂತಿ ಕೂಡಿಸಿದರು, ಮುಂದಿನ ಗುಂಡಿಗೂ ಹಾಗೆಯೇ. ಪೈಪಿನ ತುದಿಯನ್ನು ಬಿಸಿನೀರಲ್ಲಿ ಅದ್ದಿ ಮೆತ್ತಗೆ ಮಾಡಿ ತುರುಕಿ ಕ್ಲಿಪ್ಪು ಬಿಗಿದರು. ಸೈಲೆನ್ಸರಿನ ಕಾವು ತಾಕದಂತೆ ದೂರದಿಂದ, ಬ್ರೇಕಿನ ನಳಿಕೆಯ ಗುಂಟ ಮುಂದಕ್ಕೆ ಒಯ್ದರು. ಎಲ್ಲ ಚೆಂದ ಕೂತಿತು ಅನ್ನುವಾಗ, ಹೊಂಡಕ್ಕೆ ಇಳಿದರೆ ಚಕ್ರ ಕೆಳಗೆ ಜೋಲುತ್ತದಲ್ಲ ಎಂಬ ಅನುಮಾನ ಅತ್ತೆಗೆ ಬಂತು. ಜಾಕು ಕೊಟ್ಟು ಗಾಡಿ ಎತ್ತಿ ನೋಡಿದರೆ ಪೈಪು ತಂತಿಯಂತೆ ಬಿಗಿದಿತ್ತು. ಎಲ್ಲ ಬಿಚ್ಚಿ, ಸಡಿಲು ಬಿಟ್ಟು, ಮತ್ತೆ ಕಟ್ಟಿದರು. ಮಧ್ಯಾಹ್ನದ ರೊಟ್ಟಿ ಸಂಜೆಯಾಯಿತು. ಎರಡೂ ಪೈಪುಗಳ ಬಾಯಿ ಬಾನೆಟ್ಟಿನ ಮೂಲೆಯಲ್ಲಿ, ಜಾಳಿಗೆ ಕೆಳಮುಖವಾಗಿ ಬಂದು ನಿಂತವು. ಅತ್ತೆ ಸೊಸೆ ಇಬ್ಬರೂ ಅವನ್ನು ನೋಡುತ್ತ ನಿಂತರು. ಇದು ಸರಿಯೋ ತಪ್ಪೋ ಎಂದು ಹೇಳುವವರು ಅಲ್ಲಿ ಯಾರೂ ಇರಲಿಲ್ಲ.

ಹೊರಡುವ ದಿನ ಮಾಲಿಂಗನೇ ಬಾನೆಟ್ಟು ತೆಗೆದು ರೇಡಿಯೇಟರಿಗೆ ನೀರು ಹಾಕಿದ. ಆಮೇಲೆ ಅವನೂ ಸತ್ತೆಪ್ಪನೂ ಕುರಿ ಹೊಡೆದುಕೊಂಡು ಹೋದರು. ಎರಡು ದಿನ ಬಿಟ್ಟು ಫಕೀರವ್ವ ಮರಿಗಳನ್ನು ಹೇರಿಕೊಂಡು ಜೀಪು ಬಿಟ್ಟಳು. ಗೋಕಾಕದವರೆಗೆ ಗಾಡಿ ಹೂವಿನಂತೆ ಓಡಿತು. ಊರು ದಾಟಿ ಏರು ಹತ್ತಿ, ಇಳಿಜಾರಿನಲ್ಲಿ ಬ್ರೇಕು ಒತ್ತಿದಾಗ ಗಾಡಿ ಒಂದು ಬದಿಗೆ ಎಳೆಯಿತು. ಇನ್ನೊಮ್ಮೆ ಒತ್ತಿದರೆ ಕಾಲು ಆಳಕ್ಕೆ ಹೋದರೂ ಹಿಡಿತ ಅರ್ಧವೇ. ಸುಟ್ಟ ವಾಸನೆ ಬಂತು. ಎದುರಿಗೆ ಬಸ್ಸು ಬರುತ್ತಿತ್ತು. ಅವಳು ಗೇರು ಇಳಿಸಿ, ಹ್ಯಾಂಡ್ ಬ್ರೇಕು ಎಳೆದು, ಬದಿಯ ಮಣ್ಣಿನ ದಿಬ್ಬಕ್ಕೆ ಚಕ್ರ ಒರಗಿಸಿ ನಿಲ್ಲಿಸಿದಳು. ಹಿಂದೆ ಮರಿಗಳು ಒಂದರ ಮೇಲೊಂದು ಉರುಳಿ ಅರಚಿದವು. ಒಂದೊಂದನ್ನೂ ಮುಟ್ಟಿ ನೋಡಿದಳು, ಯಾವುದಕ್ಕೂ ಪೆಟ್ಟಾಗಿರಲಿಲ್ಲ. ಕೆಳಗಿಳಿದು ನೋಡಿದರೆ ಹಿಂದಿನ ಎಡಚಕ್ರದ ಒಳಮೈ ಎಣ್ಣೆಯಿಂದ ತೊಯ್ದು ಹೊಳೆಯುತ್ತಿತ್ತು.

ಅವಳು ರಸ್ತೆಯ ಬದಿ ಕಲ್ಲಿನ ಮೇಲೆ ಕೂತಳು. ನೀರು ಒಳಗೆ ಬರಬಾರದೆಂದು ಕೆಲಸ ಮಾಡಿದರೆ ಎಣ್ಣೆ ಹೊರಗೆ ಬಂದಿತ್ತು. ತಪ್ಪಾಗಿ ಬಿಚ್ಚಿದ ಬಿರಡೆಯೇ ಸಡಿಲಾಗಿದೆ ಅಂದುಕೊಂಡಳು, ನೋಡಿದರೆ ಬಿಗಿಯಾಗಿತ್ತು. ಎಣ್ಣೆ ಹೆಚ್ಚು ತುಂಬಿದೆವೇನೋ ಅಂದುಕೊಂಡಳು. ಸೊಸೆಗೆ ಫೋನು ಮಾಡಿದರೆ, ಕ್ಲಿಪ್ಪು ಬಿಗಿದವಳು ನಾನೇ, ನನ್ನದೇ ತಪ್ಪು ಎಂದು ಆ ಹುಡುಗಿ ಅಳುವ ದನಿಯಲ್ಲಿ ಹೇಳಿದಳು. ಮೊದಲಿನ ಹಾಗೆ ಬಿಟ್ಟಿದ್ದರೆ ಎಣ್ಣೆ ಬೆಳ್ಳಗಾಗುತ್ತಿತ್ತು ಅಷ್ಟೇ, ಬ್ರೇಕಾದರೂ ಇರುತ್ತಿತ್ತು ಎಂದು ಫಕೀರವ್ವನಿಗೆ ಅನ್ನಿಸಿತು.

ಸಣ್ಣ ಗೇರಿನಲ್ಲಿ ತೆವಳಿಕೊಂಡು ಘಟಪ್ರಭಾ ಮುಟ್ಟಿದಳು. ಅಖ್ತರ ಹೊಟ್ಟೆಯ ಮೇಲೆ ಕೈಯಿಟ್ಟುಕೊಂಡು ಹೊರಗೆ ಬಂದು ಚಕ್ರ ನೋಡಿದ. ಎಂಜಿನು ಆರಿಸುವ ಮೊದಲೇ ಒಂದು ಕೆಲಸ ಹೇಳಿದ: ಹಿಂದಿನ ಪೈಪನ್ನು ಮೂತಿಯಿಂದ ಕೀಳಿ. ಅವಳು ಕೆಳಗೆ ಹೋಗಿ ಕ್ಲಿಪ್ಪು ಸಡಿಲಿಸಿ ಎಳೆದಳು. ಕುಕ್ಕರಿನ ಸೀಟಿ ಎತ್ತಿದಂತೆ ಬುಸ್ಸೆಂದು ಗಾಳಿ ಹೊರನುಗ್ಗಿ ಮುಖಕ್ಕೆ ಎಣ್ಣೆಯ ಹನಿ ಸಿಡಿಯಿತು.

ಪೈಪು ಎಲ್ಲೋ ಮಡಚಿಕೊಂಡಿದೆ, ಗಾಳಿಗೆ ದಾರಿಯಿಲ್ಲದೆ ಚಕ್ರದ ಬಳಿಯ ಸೀಲನ್ನು ಒತ್ತಿಕೊಂಡು ಎಣ್ಣೆ ಬ್ರೇಕಿನ ಮೇಲೆ ಬಿದ್ದಿದೆ ಎಂದು ಅಖ್ತರ ಹೇಳಿದ. ಫಕೀರವ್ವ ಪೈಪಿನ ಗುಂಟ ಕೈಯಾಡಿಸುತ್ತ ಬಂದಳು. ಎಲ್ಲಿಯೂ ಮಡಿಕೆಯಿಲ್ಲ. ಬಾನೆಟ್ಟು ತೆಗೆದು ಮೂಲೆಗೆ ಬೆರಳಿಟ್ಟಾಗ ಜಾಳಿಗೆಯ ಬದಲು ನುಣ್ಣನೆಯ ರಬ್ಬರು ಸಿಕ್ಕಿತು. ಎರಡೂ ಬಾಯಿಗೆ ಸೈಕಲ್ ಟ್ಯೂಬಿನ ತುಂಡು ಸುತ್ತಿ, ತಂತಿಯಿಂದ ಬಿಗಿದು ಕಟ್ಟಿತ್ತು. ಎಲ್ಲವೂ ಕಪ್ಪಾಗಿರುವ ಆ ಮೂಲೆಯಲ್ಲಿ ಅದು ಬೇರೆಯಾಗಿ ಕಂಡಿರಲೇ ಇಲ್ಲ.

ಕಟ್ಟಿದ ರೀತಿ ನೋಡಿಯೇ ಅವಳಿಗೆ ಗೊತ್ತಾಯಿತು. ಕುರಿಯ ಬಲೆಗೆ ಮಾಲಿಂಗ ಹಾಕುವ ಗಂಟು ಅದು.

ಸಂಜೆಯ ಹೊತ್ತಿಗೆ ಧುಪದಾಳದ ಹತ್ತಿರ ಹಿಂಡು ನಿಂತಿತ್ತು. ಅಖ್ತರ ಹೇಳಿಕೊಟ್ಟಂತೆ ಬಾಜೂ ಗ್ಯಾರೇಜಿನವನು ಹೊಸ ಸೀಲು ಹಾಕಿ, ಬ್ರೇಕ್ ಲೈನರುಗಳನ್ನು ಪೆಟ್ರೋಲಿನಲ್ಲಿ ತೊಳೆದು ಕೊಟ್ಟ ಮೇಲೆ ಫಕೀರವ್ವ ಅಲ್ಲಿಗೆ ಹೋದಳು. ಟ್ಯೂಬಿನ ತುಂಡುಗಳನ್ನು ಗಂಡನ ಮುಂದೆ ಇಟ್ಟಳು.

"ಇದನ್ನ ನೀ ಕಟ್ಟಿದಿ ಏನು?"

"ಹೌದು. ಬಾಯಿ ತೆರದಿತ್ತು. ಮುಚ್ಚೂದು ಮರತೀರಿ ಅಂತ ತಿಳದ ಕಟ್ಟೀನಿ." ಮಾಲಿಂಗ ಅವಳ ಮುಖ ನೋಡಿದ. "ಯಾಕ, ಸಡ್ಲ ಆತೇನು?"

ಅವನು ಹೆದರಲಿಲ್ಲ, ನಾಚಲೂ ಇಲ್ಲ. ಒಳ್ಳೆಯದನ್ನೇ ಮಾಡಿದ್ದೇನೆಂಬ ಮುಖ ಹೊತ್ತು ಕೂತಿದ್ದ. ಇಳಿಜಾರಿನಲ್ಲಿ ಏನಾಯಿತೆಂದು ಅವಳು ಹೇಳಿದಾಗ ಮಾತ್ರ ಅವನ ಕೈಯಲ್ಲಿದ್ದ ಬೀಡಿ ಹಾಗೇ ಉಳಿಯಿತು. ಆಮೇಲೆ ಕೇಳಿದ: "ನೀರ ಒಳಗ ಹೋಗಬಾರದಂತ ಪೈಪ ಹಾಕಿದಿ. ಮತ್ತ ಬಾಯಿ ತೆರದ ಬಿಟ್ರ ಹೆಂಗ? ನನಗೊಂದೀಟು ತಿಳಿಸಿ ಹೇಳು."

ಫಕೀರವ್ವ ಹೇಳಲು ಶುರು ಮಾಡಿದಳು. ಗಾಡಿ ಓಡಿದರೆ ಗಾಳಿ ಕಾಯುತ್ತದೆ, ಉಬ್ಬುತ್ತದೆ, ಹೊರಗೆ ಬರಬೇಕು. ಅಷ್ಟು ಸರಿಯಾಗಿಯೇ ಬಂತು. ತಣ್ಣೀರಿಗೆ ಇಳಿದರೆ ಕುಗ್ಗುತ್ತದೆ, ಆಗ ಎಳೆದುಕೊಳ್ಳುತ್ತದೆ ಎಂದಳು. ಹಾಗಾದರೆ ಹಳ್ಳಕ್ಕೆ ಇಳಿಯುವ ಮುಂಚೆ ಕಟ್ಟಿ, ದಾಟಿದ ಮೇಲೆ ಬಿಚ್ಚಿದರಾಯಿತಲ್ಲ ಎಂದು ಮಾಲಿಂಗ ಕೇಳಿದ. ಅವಳಿಗೆ ಅವನು ಹೇಳಿದ್ದೂ ಸರಿ ಅನ್ನಿಸಿತು, ಅಖ್ತರ ಹೇಳಿದ್ದೂ ಸರಿ ಅನ್ನಿಸಿತು. ಬುಸ್ಸೆಂದು ಗಾಳಿ ಬಂದದ್ದನ್ನು ಮಾತ್ರ ತನ್ನ ಮುಖವೇ ಕಂಡಿದೆ.

"ಅದು ನನಗೂ ಪೂರಾ ತಿಳದಿಲ್ಲ," ಎಂದಳು. "ಆದ್ರ ಅದರ ಬಾಯಿಗೆ ಇನ್ನ ಯಾರೂ ಕೈ ಹಚ್ಚಬ್ಯಾಡ್ರಿ. ನಾನೂ ಹಚ್ಚೂದಿಲ್ಲ."

ಅವನು ಹ್ಞೂಂ ಎಂದ. ಜೋಳದ ನುಚ್ಚು, ಮಜ್ಜಿಗೆ ಊಟವಾಯಿತು. ಮಲಗುವ ಮುಂಚೆ ಸೊಸೆಗೆ ಫೋನು ಮಾಡಿ, ತಪ್ಪು ನಿನ್ನದಲ್ಲ ಎಂದು ಹೇಳಲು ಅವನೇ ಮೊಬೈಲು ಕೇಳಿ ಪಡೆದ.

ಆ ಮಳೆಗಾಲದಲ್ಲಿ ಹುಕ್ಕೇರಿ ಸುತ್ತ ಜೀಪು ಹಲವು ಹಳ್ಳ ದಾಟಿತು. ಒಮ್ಮೆ ನೀರು ಚಕ್ರದ ನಡುವನ್ನೂ ಮುಳುಗಿಸಿತು. ಪ್ರತಿ ಸಲ ದಡ ಹತ್ತಿದ ಮೇಲೆ ಫಕೀರವ್ವ ಗಾಡಿ ನಿಲ್ಲಿಸಿ ಹಿಂದಿನ ಗುಂಡಿಗೆ ಕಿವಿಗೊಟ್ಟು ಕೇಳುತ್ತಿದ್ದಳು. ಗುಂಯ್ ಸದ್ದು ಬರಲಿಲ್ಲ. ಬಾರದಿರುವುದೂ ಅವಳಿಗೆ ಒಂದು ಚಿಂತೆಯೇ ಆಯಿತು. ಮಳೆ ಮುಗಿದು ಹಿಂದಿರುಗುವಾಗ, ಗುಣವಾಗಿದ್ದ ಅಖ್ತರ ಬಿರಡೆ ಬಿಚ್ಚಿ ಬೆರಳಿಟ್ಟು ತೋರಿಸಿದ. ಎಣ್ಣೆ ಜೇನಿನ ಬಣ್ಣಕ್ಕಿತ್ತು. ಮುಂದಿನ ಗುಂಡಿನದು ಸ್ವಲ್ಪ ಮಬ್ಬು. ಅದು ಯಾಕೆಂದು ಕೇಳಿದರೆ ಅವನೂ ತಲೆ ಕೆರೆದುಕೊಂಡು, ಹಳೆಯ ನೀರಿನ ಅಂಶ ಉಳಿದಿರಬೇಕು, ಇಲ್ಲವೇ ಬೇರೆ ಏನಾದರೂ ಇರಬೇಕು ಎಂದ. ಪೈಪಿನಿಂದಲೇ ಒಳಿತಾಯಿತೋ, ಹೊಸ ಸೀಲಿನಿಂದಲೋ, ಅಥವಾ ಆ ವರ್ಷ ಮಳೆಯೇ ಸ್ವಲ್ಪ ಕಡಿಮೆಯಾಗಿದ್ದರಿಂದಲೋ ಎಂದು ಅವಳು ಈಗಲೂ ಖಚಿತವಾಗಿ ಹೇಳುವುದಿಲ್ಲ.

ಆದರೆ ಸುದ್ದಿಗೆ ಅಷ್ಟೆಲ್ಲ ಅನುಮಾನವಿರುವುದಿಲ್ಲ. ಫಕೀರವ್ವ ಮನೆಯಲ್ಲೇ ಕೂತು ಜೀಪಿಗೆ ಉಸಿರು ಹಾಕಿಸಿದಳಂತೆ ಎಂದು ಕುರಿಗಾರರ ನಡುವೆ ಹಬ್ಬಿತು. ಬೇಸಿಗೆ ಕಳೆಯುವ ಮುಂಚೆ ಹುಕ್ಕೇರಿ ಕಡೆಯ ಬೀರಸಿದ್ದಪ್ಪ ತನ್ನ ಹಳೆಯ ಗಾಡಿ ತಂದು ಅವಳ ಬಾಗಿಲಲ್ಲಿ ನಿಲ್ಲಿಸಿದ. ಪೈಪು, ಕ್ಲಿಪ್ಪು ಅವನೇ ತಂದಿದ್ದ. ತನಗೆ ಅರ್ಧವಷ್ಟೇ ಗೊತ್ತೆಂದು ಅವಳು ನಿಜವನ್ನೇ ಹೇಳಿದಳು. ತನಗೆ ಅಷ್ಟೂ ಗೊತ್ತಿಲ್ಲ ಎಂದು ಅವನೂ ನಿಜವನ್ನೇ ಹೇಳಿದ.

ವಿಜಯಲಕ್ಷ್ಮಿ ಒಳಗಿನಿಂದ ಸೀಮೆಎಣ್ಣೆ ತಂದಳು. ಫಕೀರವ್ವ ಸೆರಗು ಬಿಗಿದು ಗಾಡಿಯ ಕೆಳಗೆ ಹೋದಳು. ಕೆಸರು ಕೆರೆದು, ಬ್ರಶ್ಶಿನಿಂದ ತಿಕ್ಕಿ, ಆ್ಯಕ್ಸಲ್ಲಿನ ಮೇಲೆಲ್ಲ ಕೈಯಾಡಿಸಿದಳು. ತನ್ನ ಗಾಡಿಯಲ್ಲಿ ಟೊಪ್ಪಿಗೆ ಇದ್ದ ಜಾಗದಲ್ಲಿ ಈ ಗಾಡಿಗೆ ಏನೂ ಇರಲಿಲ್ಲ. ಅವಳು ಕೆಳಗಿನಿಂದಲೇ ಸೊಸೆಯನ್ನು ಕರೆದು, ಅಖ್ತರನಿಗೆ ಫೋನು ಹಚ್ಚಲು ಹೇಳಿದಳು.